ಮೂರು ಮಾನಿಟರ್ ಇಟ್ಕೊಂಡ್ರೆ ರೂಮ್ ಎಷ್ಟು ಕಾಯುತ್ತೆ, ಅದನ್ನ ಇಳಿಸೋದು ಹೇಗೆ

ಎರಡು ಮಾನಿಟರ್ ಇದ್ದಾಗ ಏನೂ ಅನ್ನಿಸಿರ್ಲಿಲ್ಲ. ಮೂರನೇದು ತಂದು ಪಕ್ಕಕ್ಕಿಟ್ಟ ಮೇಲೆ ಬಾಗಿಲು ಹಾಕ್ಕೊಂಡು ಕೆಲಸ ಮಾಡೋಕೆ ಕೂತ್ರೆ ಒಂದೆರಡು ಗಂಟೆಯಲ್ಲೇ ಸೆಕೆ ಶುರು, ಬಲಗಡೆ ಕೆನ್ನೆಗೆ ಒಂಥರಾ ಝಳ ಹೊಡೆದ ಹಾಗೆ. ಮೊದಲು ಹವಾಮಾನ ಅಂದ್ಕೊಂಡೆ, ಆದ್ರೆ ಮಳೆ ಹಿಡಿದ ದಿನಾನೂ ಅದೇ ಕಥೆ. ಆಮೇಲೆ ಒಂದೊಂದೇ ಮಾನಿಟರ್ ಹಿಂದೆ ಅಂಗೈ ಇಟ್ಟು ನೋಡ್ದೆ, ಎರಡು ಬರೀ ಬೆಚ್ಚಗಿದ್ವು, ಬಲಗಡೇದು ಮಾತ್ರ ಇಸ್ತ್ರಿ ಮಾಡಿದ ಬಟ್ಟೆ ಥರ ಬಿಸಿ. ಆವತ್ತೇ ಒಂದು ಪವರ್ ಮೀಟರ್ ತರಿಸಿ ಎಲ್ಲದನ್ನೂ ಅಳೆದೆ. ನಾನು ಕಲಿತಿದ್ದನ್ನ ಮಾಡಿದ ಕ್ರಮದಲ್ಲೇ ಇಲ್ಲಿ ಬರೀತಿದೀನಿ, ನಿಮ್ಮ ಟೇಬಲ್ ಮೇಲೂ ನೀವೇ ಮಾಡ್ಕೋಬಹುದು.

ಮೊದಲು ಒಂದು ವಿಷಯ ಮನಸ್ಸಲ್ಲಿ ಗಟ್ಟಿ ಆಗ್ಬೇಕು. ಮಾನಿಟರ್ ಪ್ಲಗ್ಗಿಂದ ಎಷ್ಟು ವ್ಯಾಟ್ ಎಳ್ಕೊಳ್ಳುತ್ತೋ ಅಷ್ಟೂ ಕೊನೆಗೆ ರೂಮಲ್ಲಿ ಬಿಸಿಯಾಗೇ ಬೀಳುತ್ತೆ. "ಅಲ್ಲ, ಅದು ಬೆಳಕು ಕೊಡುತ್ತಲ್ಲ, ಆ ಭಾಗ ಬಿಸಿ ಆಗಲ್ಲ ತಾನೇ" ಅಂತ ತುಂಬಾ ಜನ ಕೇಳ್ತಾರೆ. ಆ ಬೆಳಕು ಹೋಗೋದಾದ್ರೂ ಎಲ್ಲಿಗೆ? ನಿಮ್ಮ ಮುಖ, ಅಂಗಿ, ಗೋಡೆ, ಟೇಬಲ್ ಮೇಲೆ ಬಿದ್ದು ಅಲ್ಲೇ ಹೀರಿಕೊಂಡು ಬಿಸಿಯಾಗಿ ಬದಲಾಗುತ್ತೆ, ಕಿಟಕಿಯಿಂದ ಹೊರಗೆ ಹೋಗೋದು ಲೆಕ್ಕಕ್ಕೆ ಬರದಷ್ಟು ಸ್ವಲ್ಪ. ಹಾಗಾಗಿ 30 ವ್ಯಾಟ್ ಮಾನಿಟರ್ ಅಂದ್ರೆ 30 ವ್ಯಾಟ್ ಹೀಟರ್, ಅಷ್ಟೇ. ಕಡಿಮೆ ಕರೆಂಟ್ ತಿನ್ನೋ ಒಳ್ಳೆ ಮಾನಿಟರ್ ಅಂದ್ರೆ ಬಿಸಿಯನ್ನ ಬೇರೆ ಎಲ್ಲಿಗೋ ಕಳಿಸುತ್ತೆ ಅಂತಲ್ಲ, ಅದೇ ಬೆಳಕನ್ನ ಕಡಿಮೆ ವ್ಯಾಟಲ್ಲಿ ಕೊಡುತ್ತೆ ಅಂತ. ಎಸಿ ಲೆಕ್ಕದಲ್ಲಿ ಬೇಕು ಅಂದ್ರೆ ವ್ಯಾಟನ್ನ 3.41ರಿಂದ ಗುಣಿಸಿ, ಗಂಟೆಗೆ ಎಷ್ಟು ಬಿಟಿಯು (ಎಸಿಯವರು ಬಿಸಿ ಅಳೆಯೋಕೆ ಬಳಸೋ ಅಳತೆ) ಅಂತ ಬರುತ್ತೆ.

ಸಾಮಾನ್ಯವಾಗಿ ಯಾವುದು ಎಷ್ಟು ಎಳೆಯುತ್ತೆ ಅಂದ್ರೆ, ಈಗಿನ 24 ಇಂಚಿನ ಎಲ್‌ಇಡಿ ಬ್ಯಾಕ್‌ಲೈಟ್ (ಸ್ಕ್ರೀನಿನ ಹಿಂದೆ ಉರಿಯೋ ದೀಪ) ಇರೋ ಮಾನಿಟರ್ 15ರಿಂದ 25 ವ್ಯಾಟ್, 27 ಇಂಚಿಂದು 25ರಿಂದ 40, 32 ಇಂಚಿನ 4ಕೆ ಅಥವಾ 34 ಇಂಚಿನ ಅಗಲದ್ದು 40ರಿಂದ 70ರ ಆಸುಪಾಸು. ಜೋರಾಗಿ ಬೆಳಗೋ ಮಿನಿ ಎಲ್‌ಇಡಿ ಮಾನಿಟರಲ್ಲಿ ಎಚ್‌ಡಿಆರ್ (ಬೆಳಕಿನ ಜಾಗವನ್ನ ಇನ್ನೂ ಜೋರಾಗಿ ತೋರ್ಸೋ ಮೋಡ್) ಹಾಕಿದ್ರೆ 100 ದಾಟೋದು ದೊಡ್ಡ ವಿಷಯ ಅಲ್ಲ, ಕೆಲವಕ್ಕೆ ಒಳಗೇ ಫ್ಯಾನ್ ಇಟ್ಟಿರ್ತಾರೆ ಅಂದ್ಮೇಲೆ ನೀವೇ ಯೋಚ್ನೆ ಮಾಡಿ. ಇನ್ನು ಹಳೇ ಎಲ್‌ಸಿಡಿ, ಅಂದ್ರೆ ಎಲ್‌ಇಡಿ ಬರೋಕೆ ಮುಂಚೆ ಒಳಗೆ ಸಣ್ಣ ಟ್ಯೂಬ್‌ಲೈಟ್ ಥರದ ದೀಪ ಇರ್ತಿತ್ತಲ್ಲ, ಅವು ಅದೇ 24 ಇಂಚಿಗೆ 50ರಿಂದ 100 ವ್ಯಾಟ್ ತಿಂತಿದ್ವು. ನನ್ನ ಬಲಗಡೆ ಕೂತಿದ್ದು ಅದೇ ಜಾತೀದು. ಬಿಸಾಕೋಕೆ ಮನಸ್ಸು ಬರದೆ ಮೂಲೆಯಿಂದ ಎತ್ತಿ ಒರೆಸಿ ಹಾಕಿದ್ದೆ.

ಅಳೆಯೋಕೆ ಮುಂಚೆ ಒಂದು ಎಚ್ಚರಿಕೆ, ಇದ್ರಲ್ಲಿ ನಾನೂ ಮೋಸ ಹೋಗಿದ್ದೆ. ಅಡಾಪ್ಟರ್ ಮೇಲೆ 19 ವೋಲ್ಟ್ 3.42 ಆಂಪ್ ಅಂತ ಇರುತ್ತೆ, ಗುಣಿಸಿದ್ರೆ 65 ವ್ಯಾಟ್, ಅಯ್ಯೋ ನನ್ನ ಮಾನಿಟರ್ 65 ವ್ಯಾಟ್ ತಿನ್ನುತ್ತಾ ಅಂತ ಗಾಬರಿ ಆಗ್ಬೇಡಿ. ಅದು ಅಡಾಪ್ಟರ್ ಗರಿಷ್ಠ ಎಷ್ಟು ಕೊಡಬಲ್ಲದು ಅನ್ನೋ ಲೆಕ್ಕ, ಮಾನಿಟರ್ ಎಳೆಯೋದು ಅದಕ್ಕಿಂತ ಎಷ್ಟೋ ಕಡಿಮೆ. ಯುಎಸ್‌ಬಿ-ಸಿ ಮೂಲಕ ಲ್ಯಾಪ್‌ಟಾಪ್ ಚಾರ್ಜ್ ಮಾಡೋ ಮಾನಿಟರ್ ಆದ್ರೆ ಇನ್ನೂ ಗೊಂದಲ, ಯಾಕಂದ್ರೆ ಸ್ಪೆಕ್ಸ್‌ನಲ್ಲಿ 150, 180 ವ್ಯಾಟ್ ಅಂತ ಕಂಡ್ರೂ ಅದ್ರಲ್ಲಿ 65 ಅಥವಾ 90 ವ್ಯಾಟ್ ಲ್ಯಾಪ್‌ಟಾಪಿಗೆ ಕೊಡೋಕೆ ಅಂತ ತೆಗೆದಿಟ್ಟಿರೋದು. ಅದೂ ಕೊನೆಗೆ ಬಿಸಿನೇ ಆಗುತ್ತೆ, ಆದ್ರೆ ಅದು ಲ್ಯಾಪ್‌ಟಾಪ್ ಲೆಕ್ಕ, ಎರಡು ಸಲ ಬರ್ಕೋಬೇಡಿ. ಸ್ಪೆಕ್ಸ್ ಓದುವಾಗ ಮ್ಯಾಕ್ಸಿಮಮ್ ಬಿಟ್ಟು ಟಿಪಿಕಲ್ ಅಂತ ಇರೋದನ್ನ ತಗೊಳ್ಳಿ. ಯುರೋಪಿನ ಎನರ್ಜಿ ಲೇಬಲ್ ಸಿಕ್ಕಿದ್ರಂತೂ ಬಹಳ ಸುಲಭ, 2021ರಿಂದ ಅದ್ರಲ್ಲಿ 1000 ಗಂಟೆಗೆ ಎಷ್ಟು ಕಿಲೋವ್ಯಾಟ್ ಅವರ್ ಅಂತ ಹಾಕ್ತಾರೆ. 1000 ಗಂಟೆಗೆ 27 ಅಂದ್ರೆ 27 ವ್ಯಾಟ್ ಅಂತಲೇ ಅರ್ಥ, ಎಚ್‌ಡಿಆರ್‌ಗೆ ಬೇರೆ ನಂಬರ್ ಇರುತ್ತೆ.

ಈಗ ಅಳತೆ. ಗೋಡೆ ಪ್ಲಗ್ಗಿಗೂ ಮಾನಿಟರಿಗೂ ಮಧ್ಯೆ ಹಾಕೋ ಪವರ್ ಮೀಟರ್ ಒಂದು ಇದ್ರೆ ಸಾಕು. ಅಡಾಪ್ಟರಿನ ಹಿಂದೆ ಹಾಕಿ, ಅಂದ್ರೆ ಗೋಡೆ ಕಡೆ, ಯಾಕಂದ್ರೆ ಅಡಾಪ್ಟರ್ ತಾನೇ 10ರಿಂದ 15 ಪರ್ಸೆಂಟ್ ಬಿಸಿಯಾಗಿ ಕಳೆಯುತ್ತೆ, ಅದೂ ನಿಮ್ಮ ರೂಮಿನ ಲೆಕ್ಕಕ್ಕೇ ಸೇರ್ಬೇಕು. ಮಾನಿಟರ್ ಆನ್ ಮಾಡಿ ಒಂದು ಹತ್ತಿಪ್ಪತ್ತು ನಿಮಿಷ ಬಿಡಿ, ಸ್ಕ್ರೀನ್ ತುಂಬಾ ಒಂದು ಬಿಳಿ ಪೇಜ್ ಇಟ್ಟು ಬ್ರೈಟ್‌ನೆಸ್ 100ಕ್ಕೆ ಹಾಕಿ ಓದಿ, ಆಮೇಲೆ 50, ಆಮೇಲೆ 30, ಕೊನೆಗೆ ಸ್ಲೀಪ್. ಪ್ರತಿ ಮಾನಿಟರಿಗೂ ಇದನ್ನೇ ಮಾಡಿ ಒಂದು ಚೀಟಿಯಲ್ಲಿ ಬರೆದಿಡಿ. ನಂದು 100ರಲ್ಲಿ ಹೀಗೆ ಬಂತು: ಮಧ್ಯದ 27 ಇಂಚು 38 ವ್ಯಾಟ್, ಎಡಗಡೆ 24 ಇಂಚು 19, ಬಲಗಡೆ ಹಳೇದು 71. ಒಟ್ಟು 128. ಮೂರರಲ್ಲಿ ಒಂದೇ ಅರ್ಧಕ್ಕಿಂತ ಜಾಸ್ತಿ ತಿಂತಿದೆ, ಅದೂ ಬರೀ ಚಾಟ್ ವಿಂಡೋ ತೋರ್ಸೋಕೆ! ಅಳೆಯದೇ ಇದ್ದಿದ್ರೆ ಮಧ್ಯದ ದೊಡ್ಡದನ್ನೇ ಬೈತಾ ಕೂತಿರ್ತಿದ್ದೆ.

128 ವ್ಯಾಟ್ ಅಂದ್ರೆ ಎಷ್ಟು? ಸುಮ್ನೆ ಕೂತಿರೋ ಒಬ್ಬ ಮನುಷ್ಯ ಸುಮಾರು 100 ವ್ಯಾಟ್ ಬಿಸಿ ಬಿಡ್ತಾನೆ. ಸಣ್ಣ ರೂಮಲ್ಲಿ ನಿಮ್ಮ ಪಕ್ಕ ಇನ್ನೊಬ್ಬರು ದಿನವಿಡೀ ಕೂತ ಹಾಗಾಯ್ತು. ಗಾಳಿ ಲೆಕ್ಕದಲ್ಲಿ ನೋಡೋದಾದ್ರೆ 3 ಮೀಟರ್ ಅಗಲ, 3.5 ಉದ್ದ, 2.7 ಎತ್ತರದ ರೂಮಲ್ಲಿ ಸುಮಾರು 34 ಕೆಜಿ ಗಾಳಿ ಇರುತ್ತೆ, ಅದನ್ನ 1 ಡಿಗ್ರಿ ಏರಿಸೋಕೆ 100 ವ್ಯಾಟಿಗೆ 6 ನಿಮಿಷದ ಹತ್ತಿರ ಸಾಕು. ನಿಜವಾಗ್ಲೂ ಅಷ್ಟು ಬೇಗ ಏರಲ್ಲ, ಗೋಡೆ, ನೆಲ, ಪೀಠೋಪಕರಣ ಎಲ್ಲ ಬಿಸಿ ಹೀರ್ಕೊಳ್ತವೆ, ಬಾಗಿಲ ಸಂದಿಯಿಂದ ಗಾಳಿನೂ ಆಡುತ್ತೆ. ಅದಕ್ಕೇ ಬೆಳಗ್ಗೆ ಏನೂ ಗೊತ್ತಾಗದೆ ಮಧ್ಯಾಹ್ನದ ಹೊತ್ತಿಗೆ ಧಗೆ ಅನ್ಸೋದು, ಅಷ್ಟೊತ್ತಿಗೆ ಗೋಡೆಗಳೂ ಕಾದಿರ್ತವೆ.

ಇಳಿಸೋದು ಹೇಗೆ ಅಂತ ಬಂದ್ರೆ ಮೊದಲನೇ ಕೆಲಸ ಬ್ರೈಟ್‌ನೆಸ್, ಕೊನೇದೂ ಹೆಚ್ಚು ಕಡಿಮೆ ಅದೇ. ಎಲ್‌ಸಿಡಿ ಮಾನಿಟರಲ್ಲಿ ಕರೆಂಟಿನ ದೊಡ್ಡ ಪಾಲು ಹೋಗೋದು ಬ್ಯಾಕ್‌ಲೈಟಿಗೆ, ಅದನ್ನ ಇಳಿಸಿದಷ್ಟೂ ವ್ಯಾಟ್ ಇಳಿಯುತ್ತೆ. ಫ್ಯಾಕ್ಟರಿಯಿಂದ ಬರುವಾಗ ಹೆಚ್ಚಿನವು ಅಂಗಡಿಯಲ್ಲಿ ಮಿರಿಮಿರಿ ಮಿಂಚೋ ಹಾಗೆ ಸೆಟ್ ಆಗಿರ್ತವೆ, 250ರಿಂದ 400 ನಿಟ್ಸ್ (ಸ್ಕ್ರೀನ್ ಎಷ್ಟು ಬೆಳಗುತ್ತೆ ಅನ್ನೋ ಅಳತೆ), ಆದ್ರೆ ಮನೆಯೊಳಗಿನ ಬೆಳಕಲ್ಲಿ ಓದೋಕೆ ಬರೆಯೋಕೆ 100ರಿಂದ 120 ನಿಟ್ಸ್ ಸಾಕು. ಅಳೆಯೋ ಉಪಕರಣ ಇಲ್ವಾ, ಒಂದು ಬಿಳಿ ಹಾಳೆ ತಗೊಂಡು ಸ್ಕ್ರೀನ್ ಪಕ್ಕ ಹಿಡೀರಿ, ಸ್ಕ್ರೀನಿನ ಬಿಳಿ ಹಾಳೆಯ ಬಿಳಿಗಿಂತ ದೀಪದ ಥರ ಹೊಳೀತಾ ಇದ್ರೆ ಜಾಸ್ತಿ ಇದೆ ಅಂತ, ಎರಡೂ ಹೆಚ್ಚು ಕಡಿಮೆ ಒಂದೇ ಥರ ಕಾಣೋವರೆಗೂ ಇಳಿಸಿ. ಮೊದಲ ಹತ್ತು ನಿಮಿಷ ಮಂಕು ಅನ್ಸುತ್ತೆ, ಕಣ್ಣು ಒಗ್ಗಿಕೊಂಡ ಮೇಲೆ ಮತ್ತೆ ಏರಿಸೋಕೆ ಮನಸ್ಸೇ ಬರಲ್ಲ. ಒಂದೊಂದು ಮಾನಿಟರಿಗೂ ನಂಬರ್ ಬೇರೆ ಬೇರೆ ಬರುತ್ತೆ, ಒಂದರ 30 ಇನ್ನೊಂದರ 60ಕ್ಕೆ ಸಮ ಇರಬಹುದು, ಹಾಗಾಗಿ ಎಲ್ಲದಕ್ಕೂ ಒಂದೇ ನಂಬರ್ ಹಾಕೋಕೆ ಹೋಗ್ಬೇಡಿ, ಹಾಳೆ ಹಿಡಿದು ಕಣ್ಣಲ್ಲೇ ಸಮ ಮಾಡಿ. ಇಷ್ಟರಲ್ಲೇ ನನ್ನ ಮಧ್ಯದ್ದು 38ರಿಂದ 22ಕ್ಕೆ ಬಂತು, ಎಡಗಡೇದು 19ರಿಂದ 13ಕ್ಕೆ, ಹಳೇದು 71ರಿಂದ 44ಕ್ಕೆ. 128 ಇದ್ದಿದ್ದು 79 ಆಯ್ತು. ಬಟನ್ ಒತ್ತಿದ್ದು ಬಿಟ್ರೆ ಬೇರೇನೂ ಮಾಡಿಲ್ಲ.

ಒಂದು ವಿಷಯ ನೆನಪಿಡಿ, ಬ್ರೈಟ್‌ನೆಸ್ಸನ್ನ ಮಾನಿಟರಿನ ಸ್ವಂತ ಮೆನುವಿನಲ್ಲೇ ಇಳಿಸ್ಬೇಕು. ಗ್ರಾಫಿಕ್ಸ್ ಕಾರ್ಡಿನ (ಸ್ಕ್ರೀನಿಗೆ ಚಿತ್ರ ಕಳಿಸೋ ಭಾಗ) ಸಾಫ್ಟ್‌ವೇರಲ್ಲಿ ಬಣ್ಣ ಮಂಕು ಮಾಡಿದ್ರೆ ಹಿಂದೆ ದೀಪ ಅಷ್ಟೇ ಜೋರಾಗಿ ಉರೀತಿರುತ್ತೆ, ಮುಂದೆ ಪರದೆ ಎಳೆದ ಹಾಗೆ ಅಷ್ಟೇ. ಡಾರ್ಕ್ ಮೋಡ್ ವಿಷಯಾನೂ ಇದೇ, ಸಾಮಾನ್ಯ ಎಲ್‌ಸಿಡಿಯಲ್ಲಿ ಕಪ್ಪು ತೋರ್ಸೋದು ಅಂದ್ರೆ ಬೆಳಕನ್ನ ತಡೆಯೋದು, ಆರಿಸೋದಲ್ಲ, ಹಾಗಾಗಿ ಬಿಸಿ ಇಳಿಯಲ್ಲ. ಓಎಲ್‌ಇಡಿ ಆದ್ರೆ ಕಥೆ ಪೂರ್ತಿ ಉಲ್ಟಾ, ಅಲ್ಲಿ ಪ್ರತಿ ಪಿಕ್ಸೆಲ್ ತಾನೇ ಬೆಳಗುತ್ತೆ, ಕಪ್ಪು ಅಂದ್ರೆ ನಿಜವಾಗ್ಲೂ ಆಫ್, ದಿನವಿಡೀ ಬಿಳಿ ಸ್ಪ್ರೆಡ್‌ಶೀಟ್ ಇಟ್ಕೊಂಡವರಿಗೂ ಕಪ್ಪು ಎಡಿಟರ್ ಇಟ್ಕೊಂಡವರಿಗೂ ವ್ಯತ್ಯಾಸ ಮೀಟರಲ್ಲೇ ಕಾಣುತ್ತೆ. ಎಚ್‌ಡಿಆರನ್ನ ಸಿನಿಮಾ, ಗೇಮ್ ಇದ್ದಾಗ ಮಾತ್ರ ಆನ್ ಮಾಡಿ, ಮೇಲ್ ಓದೋಕೆ ಅದು ಬೇಡ.

ಎರಡನೇ ವಿಷಯ ಯಾರ ಕಣ್ಣಿಗೂ ಬೀಳಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳ್ತೀನಿ. ಮಾನಿಟರ್ ಜಾಸ್ತಿ ಮಾಡಿದ್ರೆ ಬಿಸಿ ಬರೋದು ಮಾನಿಟರಿಂದ ಮಾತ್ರ ಅಲ್ಲ, ಡೆಸ್ಕ್‌ಟಾಪ್ ಒಳಗಿನ ಗ್ರಾಫಿಕ್ಸ್ ಕಾರ್ಡಿಂದಾನೂ ಬರುತ್ತೆ. ಒಂದೇ ಮಾನಿಟರ್ ಇದ್ದು ಸುಮ್ನೆ ಡೆಸ್ಕ್‌ಟಾಪ್ ತೋರಿಸ್ತಿದ್ರೆ ಕಾರ್ಡ್ ತನ್ನ ಮೆಮೊರಿ ವೇಗಾನ ತುಂಬಾ ಕೆಳಗಿಳಿಸಿ ಮಲ್ಕೊಂಡ ಹಾಗಿರುತ್ತೆ. ಆ ವೇಗ ಬದಲಾಯಿಸೋಕೆ ಸ್ಕ್ರೀನ್ ಒಂದು ಫ್ರೇಮ್ ಮುಗಿಸಿ ಇನ್ನೊಂದು ಶುರು ಮಾಡೋ ಮಧ್ಯದ ಸಣ್ಣ ಬಿಡುವು ಬೇಕು, ಇಲ್ಲಾಂದ್ರೆ ಪರದೆ ಮಿಣುಕುತ್ತೆ. ಒಂದು 144 ಹರ್ಟ್ಸ್ (ಸೆಕೆಂಡಿಗೆ 144 ಸಲ ಚಿತ್ರ ಬದಲಾಯಿಸೋದು), ಇನ್ನೊಂದು 60, ಮತ್ತೊಂದು 75 ಅಂತ ಇದ್ರೆ ಎಲ್ಲದರ ಬಿಡುವೂ ಒಟ್ಟಿಗೆ ಸಿಗೋದೇ ಇಲ್ಲ, ಆಗ ಕಾರ್ಡ್ ಯಾಕೆ ಬೇಕು ರಗಳೆ ಅಂತ ಮೆಮೊರಿಯನ್ನ ಪೂರ್ತಿ ವೇಗದಲ್ಲೇ ಓಡಿಸ್ತಾ ಇರುತ್ತೆ, ನೀವು ಏನೂ ಮಾಡದೆ ಕೂತಿದ್ರೂ ಹತ್ತಾರು ವ್ಯಾಟ್ ಜಾಸ್ತಿ. ಎಲ್ಲಾ ಕಾರ್ಡಲ್ಲೂ ಹೀಗಾಗಲ್ಲ, ಡ್ರೈವರ್ (ಕಾರ್ಡ್ ನಡೆಸೋ ಸಾಫ್ಟ್‌ವೇರ್) ಅಪ್‌ಡೇಟಿಂದ ಸರಿಹೋಗಿರೋದೂ ಇದೆ. ನನ್ನದರಲ್ಲಿ ಮೂರನೇ ಕೇಬಲ್ ಚುಚ್ಚಿದ ಕ್ಷಣ ಪಿಸಿ ಕಡೆಯ ಮೀಟರ್ 35 ವ್ಯಾಟ್ ಮೇಲೆ ಹಾರಿತ್ತು. ಆ 35 ವ್ಯಾಟ್ ನನ್ನ ಎಡಗಡೆ ಮಾನಿಟರ್ ತಿನ್ನೋದಕ್ಕಿಂತ ಜಾಸ್ತಿ.

ನಿಮ್ಮದರಲ್ಲಿ ಇದೆಯಾ ಅಂತ ನೋಡೋಕೆ ಎಲ್ಲಾ ಪ್ರೋಗ್ರಾಂ ಮುಚ್ಚಿ, ಕಾರ್ಡಿನ ಮೆಮೊರಿ ಕ್ಲಾಕ್ (ಅಂದ್ರೆ ಅದೇ ಮೆಮೊರಿ ವೇಗ) ತೋರ್ಸೋ ಯಾವುದಾದ್ರೂ ಟೂಲ್ ತೆರೆದು, ಒಂದೊಂದೇ ಮಾನಿಟರ್ ಕೇಬಲ್ ಕಿತ್ತು ನೋಡಿ. ಯಾವುದನ್ನ ತೆಗೆದಾಗ ಕ್ಲಾಕ್ ದಢಾರ್ ಅಂತ ಕೆಳಗೆ ಬೀಳುತ್ತೋ ಅಲ್ಲಿದೆ ಸಮಸ್ಯೆ. ಮೊದಲು ಡ್ರೈವರ್ ಅಪ್‌ಡೇಟ್ ಮಾಡಿ. ಆಮೇಲೆ ಎಲ್ಲಾ ಮಾನಿಟರಿಗೂ ಒಂದೇ ರಿಫ್ರೆಶ್ ರೇಟ್ (ಆ ಹರ್ಟ್ಸ್ ನಂಬರ್) ಹಾಕಿ ನೋಡಿ, ಅಥವಾ 144ನ್ನ 120ಕ್ಕೆ ಇಳಿಸಿ ಪಕ್ಕದವನ್ನ 60ರಲ್ಲಿಡಿ, ಕೆಲವು ಸಲ ಅಷ್ಟಕ್ಕೇ ಕಾರ್ಡ್ ಮತ್ತೆ ತಣ್ಣಗಾಗುತ್ತೆ. ಅದೂ ಆಗ್ಲಿಲ್ವಾ, ಪ್ರೊಸೆಸರ್ ಒಳಗೇ ಗ್ರಾಫಿಕ್ಸ್ ಇದ್ರೆ ಪಕ್ಕದ ಮಾನಿಟರ್ ಕೇಬಲನ್ನ ಕಾರ್ಡಿಂದ ತೆಗೆದು ಮದರ್‌ಬೋರ್ಡ್ ಪೋರ್ಟಿಗೆ ಹಾಕಿ, ಬಯಾಸಲ್ಲಿ (ಪಿಸಿ ಶುರುವಾಗುವಾಗ ತೆರೆಯೋ ಸೆಟ್ಟಿಂಗಲ್ಲಿ) ಅದನ್ನ ಆನ್ ಮಾಡ್ಬೇಕಾಗಬಹುದು. ನನಗೆ ಕೆಲಸಕ್ಕೆ ಬಂದಿದ್ದು ಇದೇ, 35 ವ್ಯಾಟಲ್ಲಿ ಹೆಚ್ಚು ಕಡಿಮೆ ಎಲ್ಲಾ ವಾಪಸ್ ಬಂತು.

ಇನ್ನು ಮುಖಕ್ಕೆ ಹೊಡೆಯೋ ಝಳ, ಇದು ರೂಮಿನ ಸೆಕೆಗಿಂತ ಬೇರೆ ವಿಷಯ. ಬೆಚ್ಚಗಿರೋ ಯಾವುದೇ ಮೈಯಿಂದ ಕಾವು ನೇರವಾಗಿ ಎದುರಿಗಿರೋದಕ್ಕೆ ಬಡಿಯುತ್ತೆ, ಒಲೆ ಮುಂದೆ ಕೂತಾಗ ಗಾಳಿ ತಣ್ಣಗಿದ್ರೂ ಮುಖ ಕಾಯೋದು ಹಾಗೇ. ಮೂರು ಸ್ಕ್ರೀನನ್ನ ಅರ್ಧ ಚಂದ್ರನ ಥರ ಸುತ್ತ ಇಟ್ಕೊಂಡು ಮಧ್ಯೆ ಕೂತ್ರೆ ಮೂರೂ ಕಡೆಯಿಂದ ಈ ಕಾವು, ಮೇಲಾಗಿ ನಿಮ್ಮ ಸುತ್ತ ಗಾಳಿ ಓಡಾಡೋಕೂ ಆ ಸ್ಕ್ರೀನುಗಳೇ ಅಡ್ಡ. ಮಾನಿಟರನ್ನ ಕೈ ಚಾಚಿದಷ್ಟು ದೂರ ತಳ್ಳಿ, ಪಕ್ಕದವನ್ನ ಸ್ವಲ್ಪ ಅಗಲಿಸಿ ಮಧ್ಯೆ ನಾಲ್ಕು ಬೆರಳಷ್ಟು ಸಂದಿ ಬಿಡಿ, ಜಾಸ್ತಿ ಬಿಸಿ ಆಗೋದನ್ನ ಮುಖದಿಂದ ದೂರದ ಜಾಗಕ್ಕೆ ಹಾಕಿ. ಒಂದರ ಮೇಲೊಂದು ಜೋಡಿಸಿದ್ರೆ ಕೆಳಗಿನದರ ಬಿಸಿ ಗಾಳಿ ನೇರ ಮೇಲಿನದರ ಹೊಟ್ಟೆಗೇ ಹೋಗುತ್ತೆ, ಹಾಗಾಗಿ ಜಾಸ್ತಿ ವ್ಯಾಟ್ ಇರೋದು ಮೇಲಿರಲಿ. ಹಿಂದೆ ಗೋಡೆಗೆ ಒತ್ತಿ ಇಡೋದು, ಗೂಡಿನ ಥರದ ಶೆಲ್ಫ್ ಒಳಗೆ ತೂರಿಸೋದು ಎರಡೂ ಬೇಡ, ಹಿಂದೆ ಒಂದು ಗೇಣಿನ ಅರ್ಧನಾದ್ರೂ ಜಾಗ ಇರಲಿ, ಮೇಲಿನ ಸೀಳುಗಳಲ್ಲಿ ಕೂತ ಧೂಳನ್ನ ಒಣ ಬ್ರಷ್ಷಲ್ಲಿ ಆಗಾಗ ತೆಗೀರಿ.

ಕಿಟಕಿ ಬಗ್ಗೆ ಹೇಳ್ಲೇಬೇಕು, ಯಾಕಂದ್ರೆ ಎಷ್ಟೋ ಜನ ಮಾನಿಟರ್ ಬೈತಾ ಬಿಸಿಲನ್ನ ಮರೀತಾರೆ. ನೇರ ಬಿಸಿಲಲ್ಲಿ ಒಂದು ಚದರ ಮೀಟರಿಗೆ ಸುಮಾರು 1000 ವ್ಯಾಟ್ ಇರುತ್ತೆ, ಗಾಜು ಸ್ವಲ್ಪ ತಡೆದ್ರೂ ಕಿಟಕಿಯಿಂದ ನೆಲದ ಮೇಲೆ ಬಿದ್ದ ಒಂದು ಬಿಸಿಲ ತುಂಡು ನಿಮ್ಮ ಮೂರೂ ಮಾನಿಟರ್ ಸೇರಿಸಿದ್ರೂ ಅದಕ್ಕಿಂತ ಜಾಸ್ತಿ ಬಿಸಿ ತರುತ್ತೆ. ಇದ್ರಲ್ಲಿ ಇನ್ನೊಂದು ಕೊಂಡಿ ಇದೆ, ಬಿಸಿಲು ಬಿದ್ದಾಗ ಸ್ಕ್ರೀನ್ ಕಾಣಲ್ಲ ಅಂತ ನಾವು ಬ್ರೈಟ್‌ನೆಸ್ ಏರಿಸ್ತೀವಿ, ಅಲ್ಲಿಗೆ ಎರಡು ಕಡೆಯಿಂದ ಪೆಟ್ಟು. ಪರದೆ ಎಳೀರಿ, ಸಾಧ್ಯ ಆದ್ರೆ ಕಿಟಕಿ ಸ್ಕ್ರೀನಿಗೆ ಎದುರಾಗಿರದೆ ಪಕ್ಕಕ್ಕೆ ಬರೋ ಹಾಗೆ ಟೇಬಲ್ ತಿರುಗಿಸಿ, ಆಮೇಲೆ ಮತ್ತೊಂದು ಸಲ ಹಾಳೆ ಹಿಡಿದು ಬ್ರೈಟ್‌ನೆಸ್ ಇಳಿಸಿ.

ಫ್ಯಾನ್ ಹಾಕಿದ್ರೆ ರೂಮಿನ ಬಿಸಿ ಕಡಿಮೆ ಆಗಲ್ಲ, ಮೈ ಬೆವರು ಆರಿ ತಂಪು ಅನ್ಸುತ್ತೆ ಅಷ್ಟೇ, ಫ್ಯಾನ್ ತಿನ್ನೋ ವ್ಯಾಟೂ ರೂಮಿಗೇ ಸೇರುತ್ತೆ. ಬಿಸಿ ಹೊರಗೆ ಹೋಗ್ಬೇಕು ಅಂದ್ರೆ ಗಾಳಿ ಬದಲಾಗ್ಬೇಕು. 150 ವ್ಯಾಟ್ ಇದ್ದು ಒಳಗಿನ ಗಾಳಿ ಹೊರಗಿಂದಕ್ಕಿಂತ 3 ಡಿಗ್ರಿಗಿಂತ ಜಾಸ್ತಿ ಏರಬಾರದು ಅಂದ್ರೆ ಗಂಟೆಗೆ ಸುಮಾರು 150 ಘನ ಮೀಟರ್ ಗಾಳಿ ಬದಲಾದ್ರೆ ಸಾಕು, ಅದು ಸಣ್ಣ ಎಕ್ಸಾಸ್ಟ್ ಫ್ಯಾನಿನ ಕೆಲಸ. ಅದಿಲ್ಲದಿದ್ರೆ ಬಾಗಿಲು ಸ್ವಲ್ಪ ತೆಗೆದಿಟ್ಟು, ಟೇಬಲ್ ಫ್ಯಾನನ್ನ ಮಾನಿಟರ್ ಹಿಂದಿನಿಂದ ಬಾಗಿಲ ಕಡೆಗೆ ಬೀಸೋ ಹಾಗಿಡಿ. ಎಸಿ ಇದ್ರೆ ಅದು 150 ವ್ಯಾಟನ್ನ ಹೊರಹಾಕೋಕೆ ಅಂದಾಜು 50 ವ್ಯಾಟ್ ಮೇಲಿಂದ ತಿನ್ನುತ್ತೆ, ಹಾಗಾಗಿ ಇಳಿಸಿದ ಒಂದೊಂದು ವ್ಯಾಟಿಗೂ ಲಾಭ ಸ್ವಲ್ಪ ಜಾಸ್ತಿನೇ.

ಆಫ್ ಮಾಡೋ ಅಭ್ಯಾಸ ಮಾಡ್ಕೊಳ್ಳಿ. ಸ್ಕ್ರೀನ್‌ಸೇವರಿಂದ ಎಲ್‌ಸಿಡಿಯಲ್ಲಿ ಏನೂ ಉಳಿಯಲ್ಲ, ದೀಪ ಉರೀತಾನೇ ಇರುತ್ತೆ. ಐದು ನಿಮಿಷ ಮುಟ್ಟದಿದ್ರೆ ಸ್ಲೀಪ್ ಆಗೋ ಹಾಗೆ ಇಡಿ, ಈಗಿನ ಮಾನಿಟರ್ ಸ್ಲೀಪಲ್ಲಿ ಸಾಮಾನ್ಯವಾಗಿ ಅರ್ಧ ವ್ಯಾಟೂ ತಗೊಳ್ಳಲ್ಲ. ಮೂರನೇ ಸ್ಕ್ರೀನ್ ಬೇಡದ ಹೊತ್ತಲ್ಲಿ ಅದರ ಬಟನ್ನೇ ಒತ್ತಿಬಿಡಿ. ಆಫ್ ಮಾಡಿದ್ರೆ ವಿಂಡೋಗಳೆಲ್ಲ ಚೆಲ್ಲಾಪಿಲ್ಲಿ ಆಗ್ತವೆ ಅಂತ ಬಿಟ್ಟಿರೋರು ವಿಂಡೋಸ್ 11ರಲ್ಲಿ ಡಿಸ್‌ಪ್ಲೇ ಸೆಟ್ಟಿಂಗಿನ ಮಲ್ಟಿಪಲ್ ಡಿಸ್‌ಪ್ಲೇ ಭಾಗಕ್ಕೆ ಹೋಗಿ, ಮಾನಿಟರ್ ಕನೆಕ್ಷನ್ ಪ್ರಕಾರ ವಿಂಡೋ ಜಾಗ ನೆನಪಿಡು ಅನ್ನೋ ಆಯ್ಕೆಗೆ ಟಿಕ್ ಹಾಕಿ.

ಬಿಸಿಯಿಂದ ಮಾನಿಟರಿಗೇ ತೊಂದರೆ ಆಗುತ್ತಾ ಅಂದ್ರೆ, ಹೆಚ್ಚಿನವನ್ನ ಸುತ್ತಲಿನ ಗಾಳಿ 35 ಅಥವಾ 40 ಡಿಗ್ರಿವರೆಗೂ ಇರಬಹುದು ಅಂತ ಲೆಕ್ಕ ಹಾಕಿ ಮಾಡಿರ್ತಾರೆ, ಆದ್ರೆ ಇಲ್ಲಿ ಸುತ್ತಲಿನ ಗಾಳಿ ಅಂದ್ರೆ ಮಾನಿಟರ್ ಬೆನ್ನ ಹಿಂದಿನ ಗಾಳಿ, ರೂಮಿನ ಮಧ್ಯದ್ದಲ್ಲ. ಒಳಗಿನ ಕೆಪಾಸಿಟರ್‌ಗಳ (ಕರೆಂಟನ್ನ ಸ್ವಲ್ಪ ಹೊತ್ತು ಹಿಡಿದಿಡೋ ಸಣ್ಣ ಬಿಡಿಭಾಗಗಳು) ಆಯಸ್ಸು 10 ಡಿಗ್ರಿ ಏರಿದ್ರೆ ಅರ್ಧ ಆಗುತ್ತೆ ಅನ್ನೋದು ಎಲೆಕ್ಟ್ರಾನಿಕ್ಸ್ ಜನ ಬಳಸೋ ಒರಟು ಲೆಕ್ಕ. ಅಡಾಪ್ಟರ್‌ಗಳನ್ನ ಒಂದೇ ಕಟ್ಟು ಕಟ್ಟಿ ಟೇಬಲ್ ಕೆಳಗೆ ಬಟ್ಟೆ ಅಥವಾ ಚಾಪೆ ಅಡಿ ತುರುಕಬೇಡಿ, ಒಂದೊಂದರ ಮಧ್ಯೆಯೂ ಜಾಗ ಬಿಟ್ಟು ಹರಡಿ. ಕೈಯಲ್ಲಿ ಹಿಡ್ಕೊಳ್ಳೋಕೆ ಆಗದಷ್ಟು ಬಿಸಿ ಇದ್ರೆ ಅಥವಾ ಸುಟ್ಟ ವಾಸನೆ ಬಂದ್ರೆ ಆವಾಗಲೇ ಪ್ಲಗ್ ಕಿತ್ತು ಅಡಾಪ್ಟರ್ ಬದಲಾಯಿಸಿ, ನಾಳೆ ನೋಡೋಣ ಅನ್ನಬೇಡಿ.

ಆ ಹಳೇ ಬಲಗಡೆ ಮಾನಿಟರನ್ನ ಸ್ವಲ್ಪ ದಿನ ಹಾಗೇ ಇಟ್ಕೊಂಡೆ, ಬ್ರೈಟ್‌ನೆಸ್ ಎಷ್ಟು ಇಳಿಸಿದ್ರೂ 44ಕ್ಕಿಂತ ಕೆಳಗೆ ಬರ್ಲಿಲ್ಲ, ಜೊತೆಗೆ ಅಕ್ಷರವೂ ಹಳದಿ ಹಳದಿ. ಕೊನೆಗೆ ಇ-ವೇಸ್ಟ್ ತಗೊಳ್ಳೋರಿಗೆ ಕೊಟ್ಟು ಸಾಧಾರಣ 24 ಇಂಚಿನ ಎಲ್‌ಇಡಿ ಹಾಕ್ದೆ, ಅದು 14 ವ್ಯಾಟ್. ಗ್ರಾಫಿಕ್ಸ್ ಕಾರ್ಡಿನ ಪಾಲೂ ಸೇರಿ ಮೊದಲು 163 ಇದ್ದ ಲೆಕ್ಕ ಈಗ ಮೂರೂ ಸ್ಕ್ರೀನ್ ಆನ್ ಇದ್ದಾಗ 50ರ ಹತ್ತಿರ ನಿಂತಿದೆ, ಬಲಗಡೆ ಕೆನ್ನೆಗೆ ಝಳ ಇಲ್ಲ, ಬಾಗಿಲು ಹಾಕ್ಕೊಂಡೇ ಕೆಲಸ ಮಾಡ್ತಿದೀನಿ.